ಲೋಹದ ಅಯಾನುಗಳನ್ನು ದಾಟಿಸುವ ಹರಿಗೋಲು



ರಕ್ತಪರೀಕ್ಷೆಯ ವರದಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಎಂಬ ಹೆಸರುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆರೋಗ್ಯವಂತರ ರಕ್ತದಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ ಸೋಡಿಯಂ ಇದ್ದರೆ, ಪೊಟ್ಯಾಸಿಯಂ ಕೇವಲ 3.5ರಿಂದ 5 ಮಿಲಿಮೋಲ್. ಈ ಅಲ್ಪ ಪ್ರಮಾಣ ಬಹಳ ಏರಿದರೂ ಇಳಿದರೂ ಹೃದಯದ ಬಡಿತ ಲಯ ತಪ್ಪುವ ಅಪಾಯವುಂಟು. ಸೋಡಿಯಂನ ಈ ಜಾತ್ರೆಯ ನಡುವೆ ಪೊಟ್ಯಾಸಿಯಂ ಒಂದನ್ನೇ ಗುರುತಿಸುವುದೆಂತು? ಉತ್ತರವಿರುವುದು ದ್ರವಪೊರೆಯಲ್ಲಿ.

ಎರಡು ಜಲದ್ರಾವಣಗಳ ನಡುವೆ ನಿಂತ, ನೀರಿನೊಡನೆ ಬೆರೆಯದ ಎಣ್ಣೆಯಂತಹ ದ್ರವದ ಪದರವೇ ದ್ರವಪೊರೆ. ವಿದ್ಯುದಾವೇಶವುಳ್ಳ ಲೋಹದ ಅಯಾನು ತನ್ನನ್ನು ಸುತ್ತುವರಿದ ನೀರಿನ ಅಣುಗಳನ್ನು ಬಿಟ್ಟು ಎಣ್ಣೆಗೆ ಇಳಿಯಲೊಲ್ಲದು. ಅದನ್ನು ದಾಟಿಸಲು ಅಂಬಿಗನೊಬ್ಬ ಬೇಕು. ಅವನೇ ವಾಹಕ ಅಣು. ಇದರ ಹೊರಮೈ ಎಣ್ಣೆಗೆ ಒಗ್ಗುವಂಥದು. ಒಳಗಿನ ಆಮ್ಲಜನಕ ಪರಮಾಣುಗಳು ಅಯಾನನ್ನು ಸುತ್ತುವರಿದು ನೀರಿನ ಸ್ಥಾನವನ್ನು ತುಂಬುತ್ತವೆ. ಒಂದು ದಡದಲ್ಲಿ ಅಯಾನನ್ನು ಹತ್ತಿಸಿಕೊಂಡ ವಾಹಕವು ವಿಸರಣದಿಂದ ಪೊರೆಯನ್ನು ದಾಟಿ, ಎದುರು ದಡದಲ್ಲಿ ಅದನ್ನಿಳಿಸಿ, ಬರಿದಾಗಿ ಮರಳುತ್ತದೆ. ಹಿಡಿತ ಅತಿ ಬಿಗಿಯಾದರೂ ಕೆಲಸ ಕೆಡುತ್ತದೆ. ಪ್ರಯಾಣಿಕನನ್ನು ಇಳಿಸದ ದೋಣಿಯಿಂದ ಫಲವೇನು?

ಅಮೆರಿಕದ ಡುಪಾಂಟ್ ಸಂಸ್ಥೆಯ ಚಾರ್ಲ್ಸ್ ಪೆಡರ್ಸನ್ 1967ರಲ್ಲಿ ಪ್ರಕಟಿಸಿದ ಕ್ರೌನ್ ಈಥರ್‌ಗಳು ನಮ್ಮ ಹರಿಗೋಲಿನಂತೆ ದುಂಡಗಿನ ವಾಹಕಗಳು. 18 ಪರಮಾಣುಗಳ ಬಳೆಯಲ್ಲಿ 6 ಆಮ್ಲಜನಕಗಳಿರುವ 18-ಕ್ರೌನ್-6ರ ಒಳಬಯಲು 2.6ರಿಂದ 3.2 ಆಂಗ್‌ಸ್ಟ್ರಾಂ. ಸುಮಾರು 2.7 ಆಂಗ್‌ಸ್ಟ್ರಾಂ ವ್ಯಾಸದ ಪೊಟ್ಯಾಸಿಯಂ ಅಲ್ಲಿ ಸರಿಯಾಗಿ ಕೂರುತ್ತದೆ; ಸುಮಾರು 2 ಆಂಗ್‌ಸ್ಟ್ರಾಂನ ಸೋಡಿಯಂಗೆ ಅದು ಸಡಿಲ. ಈ ಕ್ಷೇತ್ರದ ಸಾಧನೆಗಾಗಿ ಪೆಡರ್ಸನ್, ಡೊನಾಲ್ಡ್ ಕ್ರಾಮ್ ಮತ್ತು ಜ್ಯಾಂ-ಮಾರಿ ಲೆನ್ 1987ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಗಳು ತಯಾರಿಸುವ ವ್ಯಾಲಿನೊಮೈಸಿನ್ ಇನ್ನೂ ಚತುರ ಅಂಬಿಗ. ಸೋಡಿಯಂಗಿಂತ ಪೊಟ್ಯಾಸಿಯಂ ಮೇಲೆ ಅದಕ್ಕೆ ಸಾವಿರಾರು ಪಟ್ಟು ಹೆಚ್ಚು ಒಲವು. ರಕ್ತದ ಪೊಟ್ಯಾಸಿಯಂ ಅಳೆಯುವ ಎಲೆಕ್ಟ್ರೋಡುಗಳ ಪೊರೆಯಲ್ಲಿ ಇದನ್ನೇ ಬಳಸುತ್ತಾರೆ. ಅಲ್ಲಿ ಅಯಾನುಗಳು ರಾಶಿರಾಶಿಯಾಗಿ ದಾಟಬೇಕಿಲ್ಲ. ಪೊರೆಯ ಅಂಚಿನಲ್ಲಿ ಅವು ಹತ್ತಿಳಿಯುವಾಗ ಉಂಟಾಗುವ ವಿದ್ಯುತ್ ವಿಭವವೇ ಪ್ರಮಾಣವನ್ನು ತಿಳಿಸುತ್ತದೆ.

ವಾಹಕಗಳು ಲೋಹವನ್ನು ಏರುಮುಖವಾಗಿಯೂ ಸಾಗಿಸಬಲ್ಲವು. ತಾಮ್ರಕ್ಕೆ ಒಗ್ಗುವ ಆಕ್ಸೈಮ್ ವಾಹಕವನ್ನು ಪೊರೆಯಲ್ಲಿ ಕರಗಿಸಿ, ಎದುರು ದಡದಲ್ಲಿ ಪ್ರಬಲ ಆಮ್ಲವನ್ನಿಟ್ಟರೆ, ಎರಡು ಹೈಡ್ರೊಜನ್ ಅಯಾನುಗಳು ಇತ್ತ ಬರುವಾಗ ಒಂದು ತಾಮ್ರದ ಅಯಾನು ಅತ್ತ ಹೋಗುತ್ತದೆ. ಹೀಗೆ ತಾಮ್ರವು ವಿರಳ ದ್ರಾವಣದಿಂದ ಸಾಂದ್ರ ದ್ರಾವಣಕ್ಕೂ ಸೇರುತ್ತದೆ. ಕೊಳಕು ನೀರಿನಲ್ಲಿ ಪೋಲಾಗಿ ನದಿಯನ್ನು ಕೆಡಿಸಬಹುದಾದ ಲೋಹವನ್ನು ಮರಳಿ ಪಡೆಯಲು ಇದೊಂದು ದಾರಿ. ಆದರೆ ಆಮ್ಲ ತೀರಿದೊಡನೆ ಸಾಗಾಟವೂ ನಿಲ್ಲುತ್ತದೆ. ಅಂಬಿಗನ ಕೂಲಿ ಸಲ್ಲಲೇಬೇಕೆಂಬುದು ಪ್ರಕೃತಿಯಲ್ಲೂ ನಿಯಮವೇ.