ಮಂಡಗದ್ದೆ ದಾಟಿದ ಮೇಲಿನ 12 ಕಿಲೋಮೀಟರ್

ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ತುಂಗೆಯ ಪಕ್ಕದ ಹೆದ್ದಾರಿಯಲ್ಲಿ ಹೊರಟರೆ ಸುಮಾರು 30 ಕಿ.ಮೀ.ಗೆ ಮಂಡಗದ್ದೆ. ಊರು ಹೆಸರಾಗಿರುವುದು ಹೊಳೆ ನಡುವಿನ 1.14 ಎಕರೆಯ ಹಕ್ಕಿಗಳ ನಡುಗಡ್ಡೆಯಿಂದ. ಮ್ಯಾರಥಾನ್ ಓಡುವವರಿಗೆ ಆ 30 ಎಂಬ ಅಂಕಿಯೇ ದೊಡ್ಡದು.

ಲೆಕ್ಕ ಹೀಗಿದೆ. 60 ಕೆ.ಜಿ. ತೂಕದವರು ಒಂದು ಕಿ.ಮೀ. ಓಡಲು ಹೆಚ್ಚುಕಡಿಮೆ 60 ಕಿಲೋಕ್ಯಾಲರಿ ಬೇಕು, 42.195 ಕಿ.ಮೀ.ಗೆ 2,530. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜೆನ್ 400ರಿಂದ 500 ಗ್ರಾಂ, ಅಂದರೆ 1,600ರಿಂದ 2,000 ಕಿಲೋಕ್ಯಾಲರಿ. ಕೊಬ್ಬೂ ತನ್ನ ಪಾಲು ಹಾಕುತ್ತದೆ, ಆದರೆ ವೇಗ ಹೆಚ್ಚಿದಷ್ಟೂ ಭಾರ ಗ್ಲೈಕೊಜೆನ್ ಮೇಲೇ ಬೀಳುತ್ತದೆ. ಶಿವಮೊಗ್ಗದಲ್ಲಿ ಓಟ ಶುರುಮಾಡಿದವರ ಕೂಡಿಟ್ಟ ಬಲ ಬರಿದಾಗುವುದು ಮಂಡಗದ್ದೆಯ ಆಸುಪಾಸಿನಲ್ಲಿ.

ಬಾಸ್ಟನ್ ಮ್ಯಾರಥಾನಿನ ಅರ್ಹತಾ ಸಮಯವನ್ನೇ ಗುರಿ ಎಂದುಕೊಳ್ಳೋಣ. 2026ರ ಓಟಕ್ಕೆ 35–39 ವಯಸ್ಸಿನ ಗಂಡಸರಿಗೆ 3 ಗಂಟೆ, ಹೆಂಗಸರಿಗೆ 3 ಗಂಟೆ 30 ನಿಮಿಷ. ಅಷ್ಟು ಸಾಕಾಗಲಿಲ್ಲ. ಅರ್ಜಿ ಹಾಕಿದವರು 33,249, ಜಾಗ ಸಿಕ್ಕಿದ್ದು 24,362 ಮಂದಿಗೆ. ನಿಗದಿತ ಸಮಯಕ್ಕಿಂತ 4 ನಿಮಿಷ 34 ಸೆಕೆಂಡ್ ಮುಂಚೆ ಮುಗಿಸಿದವರಷ್ಟೇ ಒಳಗೆ ಬಂದರು. 2025ಕ್ಕೆ ಈ ಅಂತರ 6 ನಿಮಿಷ 51 ಸೆಕೆಂಡ್ ಇತ್ತು. ಹಾಗಾಗಿ 3 ಗಂಟೆಯ ಗುರಿ ಎಂದರೆ ನಿಜದಲ್ಲಿ 2:55, ಪ್ರತಿ ಕಿ.ಮೀ.ಗೆ 4 ನಿಮಿಷ 9 ಸೆಕೆಂಡ್.

ಈ ವೇಗದಲ್ಲಿ 30 ಕಿ.ಮೀ. ಮುಟ್ಟಲು 2 ಗಂಟೆ 4 ನಿಮಿಷ 30 ಸೆಕೆಂಡ್. ಅಲ್ಲಿ ಕಾಲು ಸೋತು, ಉಳಿದದ್ದನ್ನು ಕಿ.ಮೀ.ಗೆ 5 ನಿಮಿಷದಂತೆ ಓಡಿದರೆ ಒಟ್ಟು 3:05:28. ಕೊನೆಯ 12 ಕಿ.ಮೀ.ಯಲ್ಲೇ 10 ನಿಮಿಷ ಹೋಯಿತು. ಮೊದಲ ಮ್ಯಾರಥಾನಿನ ತಯಾರಿಯಲ್ಲಿ ವೇಗದ ಅಭ್ಯಾಸಕ್ಕಿಂತ ವಾರದ ಒಟ್ಟು ದೂರಕ್ಕೆ ನಾನು ಹೆಚ್ಚು ಬೆಲೆ ಕೊಡುವುದು ಈ ಕಾರಣಕ್ಕೆ.

ವಾರಕ್ಕೆ 40 ಕಿ.ಮೀ.ಯಿಂದ ಶುರುವಾಗಿ 80ಕ್ಕೆ ಏರುವ 18 ವಾರಗಳ ತಯಾರಿಯಲ್ಲಿ, ಸರಾಸರಿ 60 ಹಿಡಿದರೆ 1,080 ಕಿ.ಮೀ. ಒಂದು ಜೊತೆ ಶೂ 600–700 ಕಿ.ಮೀ. ಬಾಳಿಕೆ ಬರುತ್ತದೆ, ಆದ್ದರಿಂದ ಎರಡು ಜೊತೆ ಬೇಕೇ ಬೇಕು. ಒಂದು ಜೊತೆಗೆ 7,000 ರೂಪಾಯಿ ಎಂದುಕೊಂಡರೂ 14,000, ಕಿ.ಮೀ.ಗೆ 13 ರೂಪಾಯಿ. ಮಲೆನಾಡಿನಲ್ಲಿ ಎರಡನೇ ಜೊತೆಯನ್ನು ಮೊದಲೇ ಕೊಂಡಿಟ್ಟುಕೊಳ್ಳುವುದು ಜಾಣತನ. ಮಳೆಯಲ್ಲಿ ನೆಂದ ಶೂ ಮರುದಿನಕ್ಕೆ ಒಣಗುವುದಿಲ್ಲ.

ಉಳಿತಾಯಕ್ಕೆ ದಾರಿ ಇರುವುದು ತಿನ್ನುವುದರಲ್ಲಿ. ಉದ್ದದ ಓಟಗಳಿಗೆ ಒಟ್ಟು 24 ಎನರ್ಜಿ ಜೆಲ್, ಒಂದಕ್ಕೆ 120 ರೂಪಾಯಿ ಹಿಡಿದರೆ 2,880. ಒಂದು ಜೆಲ್‌ನಲ್ಲಿರುವ 25 ಗ್ರಾಂ ಕಾರ್ಬೋಹೈಡ್ರೇಟ್ 30 ಗ್ರಾಂ ಬೆಲ್ಲದಲ್ಲೂ ಇದೆ. 24 ಸಲಕ್ಕೆ 720 ಗ್ರಾಂ ಬೆಲ್ಲ, ಕೆ.ಜಿ.ಗೆ 80 ರೂಪಾಯಿಯಂತೆ 58 ರೂಪಾಯಿ. ಅಭ್ಯಾಸಕ್ಕೆ ಬೆಲ್ಲ, ನೀರು, ಚಿಟಿಕೆ ಉಪ್ಪು ಸಾಕು. ಆದರೆ ಸ್ಪರ್ಧೆಯ ದಿನ ಜೆಲ್ ತಿನ್ನುವುದಾದರೆ ನಾಲ್ಕೈದು ಉದ್ದದ ಓಟಗಳಲ್ಲಾದರೂ ಅದನ್ನೇ ತಿಂದು ಹೊಟ್ಟೆಗೆ ಒಗ್ಗಿಸಿಕೊಳ್ಳಬೇಕು. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಇಳಿಸುವುದೂ ಒಂದು ಅಭ್ಯಾಸವೇ.

ಯಾವ ಓಟ ಆರಿಸಬೇಕು? ಬೆಂಗಳೂರು ಮ್ಯಾರಥಾನ್ ಹತ್ತಿರದ್ದು, ಆದರೆ ಅದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬರುವುದರಿಂದ ತಯಾರಿಯೆಲ್ಲ ಮಳೆಗಾಲಕ್ಕೆ ಸಿಕ್ಕಿಕೊಳ್ಳುತ್ತದೆ. ಜನವರಿಯ ಮುಂಬೈಯಲ್ಲಿ ಸೆಕೆ. ಸಮಯವೇ ಮುಖ್ಯ ಎನ್ನುವವರಿಗೆ ಫೆಬ್ರವರಿ ಕೊನೆಯ ದೆಹಲಿ ಮ್ಯಾರಥಾನ್ ಒಳ್ಳೆಯದು. ಅಲ್ಲಿಂದ 18 ವಾರ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ ಮೂರನೇ ವಾರ. ಮಳೆ ಇಳಿದು, ಬೆಳಗಿನ ಚಳಿ ಶುರುವಾಗುವ ಹೊತ್ತು. ತುಂಗೆಯ ಪಕ್ಕದ ಅದೇ ಹೆದ್ದಾರಿಯಲ್ಲಿ ಮಂಡಗದ್ದೆಯಿಂದ ಸಕ್ರೆಬೈಲಿನವರೆಗೆ ಹೋಗಿ ಬಂದರೆ ಹೆಚ್ಚುಕಡಿಮೆ 30 ಕಿ.ಮೀ.ಯ ಭಾನುವಾರದ ಓಟ ಮುಗಿಯುತ್ತದೆ. ಲಾರಿ ಓಡಾಡುವ ರಸ್ತೆ. ಬೆಳಕು ಹರಿದ ಮೇಲೆಯೇ, ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಬೇಕು.

ಡಿಸೆಂಬರ್ ಕೊನೆಗೆ ಒಂದು ಹಾಫ್ ಮ್ಯಾರಥಾನ್ ಓಡಿ ನೋಡಿ. 2:55ಕ್ಕೆ ಅಲ್ಲಿ 1 ಗಂಟೆ 24 ನಿಮಿಷ ಬರಬೇಕು ಎನ್ನುತ್ತದೆ, ಒಂದು ದೂರದ ಸಮಯದಿಂದ ಇನ್ನೊಂದು ದೂರದ ಸಮಯವನ್ನು ಅಂದಾಜಿಸುವ ರೀಗಲ್ ಸೂತ್ರ. ಮೊದಲ ಸಲದವರಿಗೆ ಅದೂ ಸ್ವಲ್ಪ ಉದಾರವೇ. 1 ಗಂಟೆ 31 ನಿಮಿಷ ಬಂದರೆ ಸೂತ್ರ ತೋರಿಸುವುದು 3:10. ಆಗ ದೆಹಲಿಯಲ್ಲಿ 3:15ರ ಗುರಿಯಿಟ್ಟು ಕಿ.ಮೀ.ಗೆ 4 ನಿಮಿಷ 37 ಸೆಕೆಂಡಿನಂತೆ ಹೊರಡಿ, ಬಾಸ್ಟನ್ ಅರ್ಜಿಯನ್ನು ಮುಂದಿನ ವರ್ಷಕ್ಕಿಟ್ಟುಕೊಳ್ಳಿ.