ಮೇಣದ ಗೋಡೆ ದಾಟುವ ನೀರು

ಫೆಬ್ರುವರಿ ಕಳೆಯಿತೆಂದರೆ ವಿಜಯಪುರ ಜಿಲ್ಲೆಯ ಇಂಡಿ, ಬಸವನ ಬಾಗೇವಾಡಿ ಭಾಗದ ದ್ರಾಕ್ಷಿಗೊನೆಗಳು ಬಳ್ಳಿಯಿಂದ ಇಳಿದು ಶೆಡ್ಡಿನ ಬಲೆಗಳ ಮೇಲೆ ಹರಡಿಕೊಳ್ಳುತ್ತವೆ. ಸುಮಾರು ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಒಣದ್ರಾಕ್ಷಿ, ಅಲ್ಲಿಯ ಮಾತಿನಲ್ಲಿ ಮಣೂಕ. ಉಳಿದ ಮೂರು ಕಿಲೊ ನೀರು ಬಿಸಿಲಿಗೆ ಆರಿತು ಎಂದುಬಿಡುತ್ತೇವೆ. ಆದರೆ ಈ ಹಣ್ಣು ಒಣಗುವುದು ನೆರಳಿನಲ್ಲಿ. ಕುದಿಯಲು 100 ಡಿಗ್ರಿ ಬೇಡುವ ನೀರು 40 ಡಿಗ್ರಿಯ ನೆರಳಿನಿಂದ ಪಾರಾಗುವುದು ಹೇಗೆ?

ಅಣುಗಳೆಲ್ಲವೂ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಜಾತ್ರೆಯ ನೂಕುನುಗ್ಗಲಿನಂತೆ ಅವು ಸದಾ ಪರಸ್ಪರ ತಳ್ಳಾಡುತ್ತಿರುತ್ತವೆ. ಅಪರೂಪಕ್ಕೆ ಒಂದು ಅಣುವಿಗೆ ಸಾಕಷ್ಟು ತಳ್ಳು ಒಟ್ಟಿಗೇ ಒದಗಿ, ಅದು ತನ್ನನ್ನು ಹಿಡಿದಿಟ್ಟ ಶಕ್ತಿಯ ಗೋಡೆಯನ್ನು ದಾಟುತ್ತದೆ. ಇಂಥ ತಳ್ಳಾಟಕ್ಕೆ 1905ರಲ್ಲಿ ಐನ್‌ಸ್ಟೈನ್ ಗಣಿತದ ರೂಪ ಕೊಟ್ಟರು. ಕಣವೊಂದು ಗೋಡೆ ದಾಟಲು ಎಷ್ಟು ಕಾಲ ಕಾಯಬೇಕು ಎಂಬುದನ್ನು 1940ರಲ್ಲಿ ಡಚ್ ವಿಜ್ಞಾನಿ ಹೆಂಡ್ರಿಕ್ ಕ್ರಾಮರ್ಸ್ ಲೆಕ್ಕ ಹಾಕಿದರು. ಗೋಡೆಯ ಎತ್ತರ ತಳ್ಳಾಟದ ಸರಾಸರಿ ಶಕ್ತಿಯ ಹತ್ತು ಪಟ್ಟು ಇದ್ದದ್ದು ಇಪ್ಪತ್ತು ಪಟ್ಟಾದರೆ, ಕಾಯುವ ಕಾಲ ಇಮ್ಮಡಿಯಾಗುವುದಿಲ್ಲ. ಸುಮಾರು 22 ಸಾವಿರ ಪಟ್ಟು ಹಿಗ್ಗುತ್ತದೆ. ಬೆಲೆ ಇಷ್ಟು ಏರಿದರೆ ಬೇಡಿಕೆ ಅಷ್ಟು ಇಳಿಯುತ್ತದೆ ಎಂಬ ಅರ್ಥಶಾಸ್ತ್ರದ ಸಾಧು ಲೆಕ್ಕಗಳಿಗೆ ಒಗ್ಗಿದ್ದ ನನಗೆ ಇದು ದಿಗಿಲು ಹುಟ್ಟಿಸಿತ್ತು.

ದ್ರಾಕ್ಷಿಯ ಸಿಪ್ಪೆಯ ಮೇಲಿನ ತೆಳು ಮೇಣವೂ ಅಂಥದೊಂದು ಗೋಡೆ. ರೈತರು ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ‘ಡಿಪ್ಪಿಂಗ್ ಆಯಿಲ್’ ಬೆರೆಸಿದ ನೀರಿನಲ್ಲಿ ಕೆಲವೇ ನಿಮಿಷ ಅದ್ದುತ್ತಾರೆ. ಮೇಣ ಕಿತ್ತುಹೋಗುವುದಿಲ್ಲ, ಅದರ ಪದರಗಳ ಜೋಡಣೆ ಸಡಿಲವಾಗುತ್ತದೆ. ಮೂರು ನಾಲ್ಕು ವಾರದ ಕೆಲಸ ಎರಡು ವಾರದ ಆಸುಪಾಸಿನಲ್ಲಿ ಮುಗಿಯುತ್ತದೆ. ತಿರುಳಿನೊಳಗಿನ ದಾರಿ ಮೊದಲಿನಂತೆಯೇ ಉಳಿಯುವುದರಿಂದ ಲಾಭ ಅಷ್ಟಕ್ಕೇ ನಿಲ್ಲುತ್ತದೆ. ಮೆಡಿಟರೇನಿಯನ್ ತೀರದವರು ಆಲಿವ್ ಎಣ್ಣೆ ಮತ್ತು ಕಟ್ಟಿಗೆಯ ಬೂದಿಯಿಂದ ಇದನ್ನೇ ಮಾಡುತ್ತಿದ್ದರು.

ಮುದ್ದೇಬಿಹಾಳ, ಸಿಂದಗಿಯ ಎರೆಭೂಮಿಯಲ್ಲಿ ರೈತನ ಪ್ರಯತ್ನ ಇದಕ್ಕೆ ತದ್ವಿರುದ್ಧ. ಹಿಂಗಾರಿ ಜೋಳ ಬದುಕುವುದು ಮಣ್ಣು ಹಿಡಿದಿಟ್ಟ ತೇವದ ಮೇಲೆ. ಎಡೆಕುಂಟೆ ಹೊಡೆದು ಬಿರುಕು ಮುಚ್ಚಿ, ಮೇಲೊಂದು ಪುಡಿಮಣ್ಣಿನ ಹೊದಿಕೆ ಹಾಸುವುದು ನೀರು ಪಾರಾಗದಿರಲೆಂದೇ. ಇಲ್ಲಿ ಗೋಡೆ ಎತ್ತರವಾಗುವುದಿಲ್ಲ, ನೀರಿನ ದಾರಿ ದುರ್ಗಮವಾಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಮೇಣದ ಗೋಡೆಯನ್ನು ಗೆದ್ದ ದ್ರಾಕ್ಷಿ ಬೆಳೆಗಾರ ಸೋಲುವುದು ಅಕಾಲಿಕ ಮಳೆಗೆ. ಗಾಳಿಯಲ್ಲಿ ತೇವ ತುಂಬಿದಾಗ ಹಣ್ಣಿನಿಂದ ಹೊರಟಷ್ಟೇ ಅಣುಗಳು ಮರಳಿ ಬರತೊಡಗುತ್ತವೆ. ಅರೆ ಒಣಗಿದ ಹಣ್ಣು ಕಪ್ಪಿಟ್ಟು ಬೂಸಲು ಹಿಡಿಯುತ್ತದೆ. ಸೇವೆಯಲ್ಲಿದ್ದಾಗ ಒಂದು ಏಪ್ರಿಲ್ ತಿಂಗಳು ಅಂಥ ಶೆಡ್ಡುಗಳ ಮುಂದೆ ನಿಂತಿದ್ದೆ. ನಷ್ಟದ ನಮೂನೆಯಲ್ಲಿ ಬಳ್ಳಿಯ ಮೇಲಿನ ಬೆಳೆಗೆ ಕಾಲಂ ಇತ್ತು. ಬಲೆಯ ಮೇಲಿನ ಹಣ್ಣಿಗೆ ಇರಲಿಲ್ಲ. ‘ಹನ್ನೊಂದ್ ದಿನಾ ಒಣಗೇದ್ರೀ ಸಾಹೇಬ್ರ, ಇನ್ ನಾಕ್ ದಿನಾ ಇತ್ತು’ ಎಂದ ವೃದ್ಧರೊಬ್ಬರು ಬೊಗಸೆಯಲ್ಲಿ ಮಣೂಕ ಹಿಡಿದು ತೋರಿಸಿದರು. ನಷ್ಟ ‘ನಿರಂಕ’ ಎಂದು ಬರೆದು ನಾನು ಸಹಿ ಹಾಕಿದೆ.