ಫ್ರೆಂಚ್ ರಾಕ್ಸ್‌ನಲ್ಲಿ ಫ್ರೆಂಚ್ ಹೌಸ್

ಬೇಸಿಗೆ ರಜೆಯ ಒಂದು ಸಂಜೆ. ಕೃಷ್ಣರಾಜಪೇಟೆ ತಾಲ್ಲೂಕಿನ ರೈತರೊಬ್ಬರು ದ್ವಿತೀಯ ಪಿಯುಸಿ ಪರೀಕ್ಷೆ ಬರೆದಿದ್ದ ಮಗನನ್ನು ಕರೆದುಕೊಂಡು ಪಾಂಡವಪುರದ ನಮ್ಮ ಮನೆಗೆ ಬಂದರು. ಹುಡುಗ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿ. ಕಾಫಿ ಲೋಟ ಕೆಳಗಿಡುವ ಮೊದಲೇ ತಂದೆ ದೂರು ಶುರು ಮಾಡಿದರು.

“ನೀವಾದ್ರೂ ಬುದ್ಧಿ ಹೇಳಿ ಮೇಷ್ಟ್ರೇ. ಮೂರೊತ್ತೂ ಕಿವಿಗೆ ಅದೊಂದು ಸಿಗಿಸ್ಕಂಡು ಕಂಪ್ಯೂಟ್ರು ಮುಂದೆ ಕೂತಿರ್ತಾನೆ. ಕೇಳುದ್ರೆ ಫ್ರೆಂಚ್ ಹೌಸ್ ಅಂತಾನೆ. ಮನೆ ಕಟ್ಟೋ ಕೆಲ್ಸ ಕಲೀತಾವ್ನೆ ಅಂತ ನಾನೂ ಖುಷಿಯಾಗಿದ್ದೆ. ನೋಡುದ್ರೆ ಹಾಡಂತೆ!”

ನನಗೆ ನಗು ಬಂತು. ಜೊತೆಗೆ ಸ್ವಲ್ಪ ನಾಚಿಕೆಯೂ ಆಯಿತು. ಒಂಬತ್ತನೇ ತರಗತಿಯಲ್ಲಿ ಇದೇ ಹುಡುಗ ಬೆರಳಿನಿಂದ ಬೆಂಚು ಬಡಿಯುತ್ತಿದ್ದನೆಂದು ನಾನು ಅವನನ್ನು ಇಡೀ ಪೀರಿಯಡ್ ಹೊರಗೆ ನಿಲ್ಲಿಸಿದ್ದೆ. ಅಂದಿನ ಪಾಠ ಯಾವುದು ಗೊತ್ತೇ? ‘ಶಬ್ದ’! ಕಂಪನ, ಆವೃತ್ತಿ, ಪಾರ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ನಾನು, ಅದನ್ನೇ ಕೈಯಾರೆ ಮಾಡಿ ತೋರಿಸುತ್ತಿದ್ದವನನ್ನು ಆಚೆಗೆ ಕಳುಹಿಸಿದ್ದೆ.

“ಬುದ್ಧಿ ಆಮೇಲೆ ಹೇಳೋಣ, ಮೊದಲು ಕೇಳೋಣ” ಎಂದೆ.

ಮನೆಯಲ್ಲೇ ಮಾಡಿದ ‘ಹೋಮ್‌ವರ್ಕ್’

ಫ್ರೆಂಚರ ನಂಟು ನಮ್ಮ ಸೀಮೆಗೆ ಹೊಸದಲ್ಲ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಹಿರೋಡೆಗೆ, ಅಂದರೆ ಇಂದಿನ ಪಾಂಡವಪುರಕ್ಕೆ, ಬ್ರಿಟಿಷರ ಕಾಲದಲ್ಲಿ ‘ಫ್ರೆಂಚ್ ರಾಕ್ಸ್’ ಎಂದೇ ಹೆಸರಿತ್ತು. ಇನ್ನು ಯಂತ್ರದಿಂದ ನಾದ ಹೊರಡಿಸುವುದೂ ನಮಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತೊಯ್ದ ‘ಟಿಪ್ಪುವಿನ ಹುಲಿ’ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಆ ಮರದ ಹುಲಿಯ ಹೊಟ್ಟೆಯೊಳಗೆ 18 ಸ್ವರಗಳ ಪುಟ್ಟ ಆರ್ಗನ್ ಇದೆ. ಹಿಡಿ ತಿರುಗಿಸಿದರೆ ಹುಲಿ ಗರ್ಜಿಸುತ್ತದೆ, ಅದರ ಕೆಳಗೆ ಬಿದ್ದ ಸಿಪಾಯಿ ನರಳುತ್ತಾನೆ.

ಹಾಗಾದರೆ ಫ್ರೆಂಚ್ ಹೌಸ್ ಎಂದರೇನು? 1980ರ ದಶಕದ ಆರಂಭದಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ‘ವೇರ್‌ಹೌಸ್’ ಎಂಬ ನೃತ್ಯಶಾಲೆಯಿತ್ತು. ಅಲ್ಲಿ ಹಬ್ಬಿದ ಕುಣಿತದ ಸಂಗೀತಕ್ಕೆ ‘ಹೌಸ್’ ಎಂಬ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ. 1990ರ ದಶಕದಲ್ಲಿ ಪ್ಯಾರಿಸ್ಸಿನ ಯುವಕರು ಇದನ್ನು ತಮ್ಮದೇ ರೀತಿಯಲ್ಲಿ ಬೆಳೆಸಿದರು. ಹಳೆಯ ಡಿಸ್ಕೋ ತಟ್ಟೆಗಳಿಂದ ಒಂದೆರಡು ಸೆಕೆಂಡಿನ ತುಂಡು ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ನುಡಿಸಿ, ಅಡಿಯಲ್ಲಿ ಸಮನಾದ ನಾಲ್ಕು ಪೆಟ್ಟಿನ ತಾಳ ಕೊಟ್ಟರು. ಅದೇ ಫ್ರೆಂಚ್ ಹೌಸ್.

ಈ ಪಂಥದ ಅತಿ ಪ್ರಸಿದ್ಧ ಜೋಡಿ ‘ಡಾಫ್ಟ್ ಪಂಕ್’: ತೋಮಾ ಬಾಂಗಾಲ್ತೇರ್ ಮತ್ತು ಗೀ-ಮಾನ್ಯುಯೆಲ್. ಇಬ್ಬರೂ ಶಾಲಾ ಸಹಪಾಠಿಗಳು. ಮೊದಲು ಒಂದು ರಾಕ್ ತಂಡ ಕಟ್ಟಿದರು. ಬ್ರಿಟಿಷ್ ಪತ್ರಿಕೆಯೊಂದರ ವಿಮರ್ಶಕ ಅವರ ಹಾಡನ್ನು ಪೆದ್ದು ಗದ್ದಲವೆಂಬಂತೆ ಹಳಿದ. ಹುಡುಗರು ಅಳುತ್ತ ಕೂರಲಿಲ್ಲ. ಬೈಗುಳದಲ್ಲಿದ್ದ ಪದಗಳನ್ನೇ ತಮ್ಮ ಹೊಸ ಹೆಸರಾಗಿ ಇಟ್ಟುಕೊಂಡರು! 1997ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹೆಸರು ‘ಹೋಮ್‌ವರ್ಕ್’. ದೊಡ್ಡ ಸ್ಟುಡಿಯೋದಲ್ಲಲ್ಲ, ಮನೆಯ ಕೋಣೆಯಲ್ಲೇ ಕೂತು ಮಾಡಿದ್ದರಿಂದ ಆ ಹೆಸರು. 2021ರಲ್ಲಿ ಈ ಜೋಡಿ ಬೇರೆಯಾಯಿತು. ಆದರೆ ಮನೆಯ ಕೋಣೆಯೇ ಸ್ಟುಡಿಯೋ ಆಗಬಲ್ಲದು ಎಂಬ ಅವರ ಪಾಠ ಉಳಿದಿದೆ.

ಪೋಷಕರಿಗೊಂದು ಮಾತು. ಇದೆಲ್ಲ ನಮಗೆ ಸಂಬಂಧವಿಲ್ಲದ್ದು ಎನ್ನಬೇಡಿ. 1982ರ ‘ಡಿಸ್ಕೋ ಡ್ಯಾನ್ಸರ್’ ಹಿಂದಿ ಚಿತ್ರದ ‘ಜಿಮ್ಮಿ ಜಿಮ್ಮಿ’ ಹಾಡು ನೆನಪಿದೆಯೇ? ಅದರ ಧಾಟಿ ‘ಒಟ್ಟಾವಾನ್’ ಎಂಬ ಫ್ರೆಂಚ್ ತಂಡದ ಹಾಡಿನದು. ಆ ಹಾಡನ್ನು ರಚಿಸಿದವರಲ್ಲಿ ಒಬ್ಬರು ಡೇನಿಯಲ್ ವಾಂಗಾರ್ಡ್, ಅಂದರೆ ಈ ತೋಮಾನ ತಂದೆ! ನಾವು ಯೌವನದಲ್ಲಿ ತಲೆದೂಗಿದ್ದು ಅಪ್ಪನ ಧಾಟಿಗೆ, ನಮ್ಮ ಮಕ್ಕಳು ತಲೆದೂಗುತ್ತಿರುವುದು ಮಗನ ಧಾಟಿಗೆ. ಅದೇ 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಎಂಬ ಕಲಾವಿದರು ಜಪಾನಿನ ವಿದ್ಯುನ್ಮಾನ ವಾದ್ಯಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಧ್ವನಿಮುದ್ರಿಸಿದರು. ಆಗ ಅದನ್ನು ಕೇಳುವವರೇ ಇರಲಿಲ್ಲ. 2010ರಲ್ಲಿ ಅದು ಮತ್ತೆ ಬಿಡುಗಡೆಯಾದಾಗ, ಇವರು ಅಷ್ಟು ಹಿಂದೆಯೇ ಇದನ್ನು ಹೇಗೆ ಮಾಡಿದರೆಂದು ಹೊರದೇಶದವರು ಬೆರಗಾದರು.

ಆರಂಭಿಸುವುದು ಹೇಗೆ?

ಹುಡುಗನ ಬಳಿ ಇದ್ದದ್ದು ಹಳೆಯ ಕಂಪ್ಯೂಟರು, ಒಂದು ಫೋನು, ಒಂದು ಹೆಡ್‌ಫೋನು, ಅಷ್ಟೆ. ಉಚಿತವಾಗಿ ಸಿಗುವ ಎರಡು ತಂತ್ರಾಂಶಗಳನ್ನು ಹಾಕಿಕೊಂಡಿದ್ದ. ಧ್ವನಿ ಕತ್ತರಿಸಲು ‘ಆಡಾಸಿಟಿ’, ತಾಳ ಮತ್ತು ಸ್ವರ ಜೋಡಿಸಲು ‘ಎಲ್‌ಎಂಎಂಎಸ್’. ಕಲಿಯಲು ಬಯಸುವವರಿಗೆ ಇಷ್ಟೇ ಸಾಕು. ಕ್ರಮ ಹೀಗಿದೆ.

ಮೊದಲನೆಯದು ತಾಳ. ನಿಮಿಷಕ್ಕೆ 120 ಪೆಟ್ಟು ಇಟ್ಟುಕೊಳ್ಳಿ. ಒಂದು ಪೆಟ್ಟಿಗೆ ಅರ್ಧ ಸೆಕೆಂಡು, ನಾಲ್ಕು ಪೆಟ್ಟಿನ ಆವರ್ತಕ್ಕೆ 2 ಸೆಕೆಂಡು. ಆವರ್ತವನ್ನು 16 ಮನೆಗಳಾಗಿ ಭಾಗಿಸಿದರೆ ಒಂದೊಂದು ಮನೆ ಸೆಕೆಂಡಿನ ಎಂಟನೇ ಒಂದು ಭಾಗ. 1, 5, 9, 13ನೇ ಮನೆಗಳಲ್ಲಿ ‘ಧಮ್’ ಎನ್ನುವ ತಗ್ಗಿನ ಡ್ರಮ್ ಇಡಿ. 5 ಮತ್ತು 13ರಲ್ಲಿ ಚಪ್ಪಾಳೆಯನ್ನೂ ಸೇರಿಸಿ. 3, 7, 11, 15ರಲ್ಲಿ ‘ಛಿಸ್’ ಎನ್ನುವ ಕಂಚಿನ ತಾಳ ಇಡಿ. ತಾಳ ಸಿದ್ಧವಾಯಿತು.

ಎರಡನೆಯದು ತುಂಡು. ನಿಮ್ಮ ಧ್ವನಿಮುದ್ರಣದಿಂದ ನಾಲ್ಕು ಪೆಟ್ಟಿನಷ್ಟು ಭಾಗ ಕತ್ತರಿಸಿ. 240ನ್ನು ಆ ತುಂಡಿನ ಸೆಕೆಂಡುಗಳಿಂದ ಭಾಗಿಸಿದರೆ ಅದರ ವೇಗ ಸಿಗುತ್ತದೆ. ಉದಾಹರಣೆಗೆ, 1.92 ಸೆಕೆಂಡಿನ ತುಂಡಾದರೆ ನಿಮಿಷಕ್ಕೆ 125 ಪೆಟ್ಟು. ತಂತ್ರಾಂಶದಲ್ಲಿ ತಾಳದ ವೇಗವನ್ನೂ 125ಕ್ಕೆ ಇಟ್ಟರೆ ಎರಡೂ ಕೂಡಿಕೊಳ್ಳುತ್ತವೆ. ಗಣಿತ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಮೂರನೆಯದು ಶೋಧಕ, ಅಂದರೆ ಫಿಲ್ಟರ್. ಫ್ರೆಂಚ್ ಹೌಸಿನ ಜೀವವೇ ಇದು. ಪಕ್ಕದ ಬೀದಿಯ ಮದುವೆಮನೆಯಲ್ಲಿ ಮೈಕು ಹಾಕಿದ್ದಾರೆ ಎಂದುಕೊಳ್ಳಿ. ನಿಮ್ಮ ಮನೆಯ ಬಾಗಿಲು ಮುಚ್ಚಿದ್ದರೆ ‘ಧಮ್ ಧಮ್’ ಮಾತ್ರ ಕೇಳುತ್ತದೆ. ಬಾಗಿಲು ಮೆಲ್ಲಗೆ ತೆರೆದಂತೆ ಹಾಡು, ಗೆಜ್ಜೆ, ತಾಳ ಎಲ್ಲವೂ ಒಳಬರುತ್ತವೆ. ಗೋಡೆ ಮತ್ತು ಬಾಗಿಲು ಹೆಚ್ಚಿನ ಆವೃತ್ತಿಯ ಅಲೆಗಳನ್ನು ತಡೆದು, ತಗ್ಗಿನವನ್ನು ಬಿಟ್ಟುಕೊಡುತ್ತವೆ. ತಂತ್ರಾಂಶದ ಶೋಧಕವೂ ಇಂಥದೇ ಬಾಗಿಲು. ಮೊದಲ 8 ಆವರ್ತಗಳಲ್ಲಿ ಅದನ್ನು ಮೆಲ್ಲಗೆ ತೆರೆಯುತ್ತ ಹೋದರೆ ಅದೇ ಎರಡು ಸೆಕೆಂಡಿನ ತುಂಡು ಪ್ರತಿ ಸಲವೂ ಹೊಸದಾಗಿ ಕೇಳುತ್ತದೆ. ಯಾವುದೇ ಆವರ್ತಕ ನಾದವನ್ನು ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬ ಈ ವಿದ್ಯೆಯ ಬುನಾದಿಯನ್ನು 19ನೇ ಶತಮಾನದ ಆರಂಭದಲ್ಲಿ ಹಾಕಿದ ಫೋರಿಯರ್ ಕೂಡ ಫ್ರೆಂಚನೇ!

ನಾಲ್ಕನೆಯದು ಜಾಗ ಬಿಡುವುದು. ಡ್ರಮ್ ಬಡಿದ ಕ್ಷಣದಲ್ಲಿ ಉಳಿದ ಧ್ವನಿಗಳ ಮಟ್ಟ ತಗ್ಗಿಸಿ, ಮರುಕ್ಷಣ ಏರಿಸಬೇಕು. ಹಿರಿಯರು ಮಾತನಾಡುವಾಗ ಉಳಿದವರು ದನಿ ತಗ್ಗಿಸುವುದಿಲ್ಲವೇ, ಹಾಗೆ. ಆಗ ಸಂಗೀತ ಉಸಿರಾಡಿದಂತೆ ಕೇಳುತ್ತದೆ.

ಒಂದೇ ತುಂಡನ್ನು ಎಷ್ಟು ಹೊತ್ತು ಕೇಳುವುದು, ಬೇಸರವಾಗದೇ ಎನ್ನುವವರು ಒಮ್ಮೆ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ಹೋಗಿ ಬನ್ನಿ. ಹೊಯ್ಸಳ ಶಿಲ್ಪಿ ಗೋಡೆಯ ಬುಡದಲ್ಲಿ ಆನೆಯ ಪಕ್ಕ ಆನೆ, ಅದರ ಮೇಲಿನ ಸಾಲಿನಲ್ಲಿ ಕುದುರೆಯ ಹಿಂದೆ ಕುದುರೆ ಕಡೆದಿದ್ದಾನೆ. ದೂರದಿಂದ ಎಲ್ಲ ಒಂದೇ. ಹತ್ತಿರ ಹೋದರೆ ಒಂದಕ್ಕಿಂತ ಇನ್ನೊಂದು ಕೊಂಚ ಬೇರೆ. ಆ ‘ಕೊಂಚ ಬೇರೆ’ಯಲ್ಲೇ ಕಲೆ ಇರುವುದು.

ತುಂಡು ಯಾರದು?

ಹುಡುಗ ನುಡಿಸಿ ತೋರಿಸಿದ. ಚೆನ್ನಾಗಿತ್ತು. ಆದರೆ ನಡುವಿನ ತುಂಡು ಹಳೆಯ ಕನ್ನಡ ಚಿತ್ರಗೀತೆಯೊಂದರದು. “ಇದು ಯಾರದಪ್ಪಾ? ಕೇಳಿದ್ಯಾ?” ಎಂದೆ. “ಎಲ್ರೂ ತಗೋತಾರೆ ಸಾರ್” ಎಂದ.

ಆಗ ನಾನು ಅವನಿಗೆ ಒಂದು ಕಥೆ ಹೇಳಿದೆ. 2000ದಲ್ಲಿ ಬಂದ ಡಾಫ್ಟ್ ಪಂಕ್‌ನ ‘ಒನ್ ಮೋರ್ ಟೈಮ್’ ಜಗತ್ತೆಲ್ಲ ಕುಣಿದ ಹಾಡು. ಅದರಲ್ಲಿರುವ ತುಂಡು ಎಡ್ಡಿ ಜಾನ್ಸ್ ಎಂಬ ಗಾಯಕನ 1979ರ ಹಾಡಿನದು. 2021ರಲ್ಲಿ ಅಮೆರಿಕದ ಪತ್ರಿಕೆಯೊಂದು ಆತನನ್ನು ಹುಡುಕಿ ಬರೆಯಿತು. ಆತ ಲಾಸ್ ಏಂಜಲೀಸ್ ನಗರದಲ್ಲಿ ವರ್ಷಗಟ್ಟಲೆ ಮನೆಯಿಲ್ಲದೆ ಬದುಕಿದ್ದ. ಸಂಭಾವನೆ ಹಕ್ಕುದಾರ ಕಂಪನಿಗೆ ಸಂದಾಯವಾಗಿತ್ತು. ಆದರೆ ತನ್ನ ಕೈಗೆ ಬಿಡಿಗಾಸೂ ಬಂದಿಲ್ಲವೆಂದು ಆತ ಹೇಳಿದ.

ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷಗಳ ರಕ್ಷಣೆ ಇದೆ. ಮನೆಯಲ್ಲಿ ಅಭ್ಯಾಸಕ್ಕೆಂದು ಕತ್ತರಿಸುವುದು ಒಂದು, ಅದನ್ನು ತನ್ನದೆಂದು ಲೋಕಕ್ಕೆ ಬಿಡುವುದು ಇನ್ನೊಂದು. “ಬೇರೆಯವರ ಹಾಡು ಯಾಕೆ? ನಮ್ಮ ಸುತ್ತ ಸದ್ದಿಗೆ ಬರವೇ?” ಎಂದೆ. ಆಲೆಮನೆಯ ಎಂಜಿನ್ನು, ರೈಲು ಸೇತುವೆ ದಾಟುವ ಸದ್ದು, ಕಾವೇರಿಯ ದಡದಲ್ಲಿ ಬಟ್ಟೆ ಒಗೆಯುವ ಪೆಟ್ಟು, ಲೋಹದ ಎರಕಕ್ಕೆ ಹೆಸರಾದ ನಾಗಮಂಗಲದಲ್ಲಿ ಕಂಚಿಗೆ ಸುತ್ತಿಗೆ ತಾಗಿದಾಗ ಏಳುವ ನಾದ. ಇವೆಲ್ಲ ತುಂಡುಗಳೇ.

ತಿಂಗಳ ನಂತರ ಹುಡುಗ ಒಬ್ಬನೇ ಬಂದ. ಊರಹಬ್ಬದ ಪೂಜಾ ಕುಣಿತದಲ್ಲಿ ತಮಟೆಯನ್ನು ಫೋನಿನಲ್ಲಿ ಮುದ್ರಿಸಿಕೊಂಡಿದ್ದ. ಆದರೆ ಮೊದಲು ತೆಗೆದ ತುಂಡು ಮೂರು ಮೂರು ಎಣಿಕೆಯದು, ನಾಲ್ಕರ ಲೆಕ್ಕಕ್ಕೆ ಕೂರಲಿಲ್ಲವಂತೆ. “3 ಮತ್ತು 4ರ ಲ.ಸಾ.ಅ. ಎಷ್ಟೋ?” ಎಂದೆ. “ಹನ್ನೆರಡು ಸಾರ್” ಎಂದವನೇ ನಕ್ಕ. ಆವರ್ತವನ್ನು 12 ಮನೆ ಮಾಡಿದೆವು. ಡ್ರಮ್ಮಿಗೆ ಮೂರು ಮನೆಗೊಂದು ಪೆಟ್ಟು, ತಮಟೆಗೆ ನಾಲ್ಕು ಮನೆಗೊಂದು ಒತ್ತು. ಎರಡೂ ಪ್ರತಿ ಆವರ್ತದ ಮೊದಲ ಮನೆಯಲ್ಲಿ ಸೇರಿ, ನಡುವೆ ಒಂದನ್ನೊಂದು ಕೆಣಕುತ್ತ ಹೋದವು. ನನ್ನ ಕಾಲೂ ತಾನಾಗಿ ತಾಳ ಹಾಕುತ್ತಿತ್ತು.

ಮುದ್ರಿಸಿಕೊಳ್ಳುವ ಮೊದಲು ತಮಟೆಯವರನ್ನು ಕೇಳಿದ್ದನಂತೆ. ಆ ಹಿರಿಯರು ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತ, “ನಮ್ಮೆಸ್ರೂ ಹಾಕೀಯೇನಪ್ಪಾ?” ಎಂದರಂತೆ. ಕಾದ ಚರ್ಮ ಬಿಗಿದು ನಾದ ಏರುತ್ತದೆಂದು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಆದರೆ ನಮ್ಮೂರ ಹಬ್ಬದಲ್ಲಿ ತಮಟೆ ಬಡಿಯುವವರ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಕರೆಸಿ, ಬಡಿಸಿ, ಕಳುಹಿಸುವುದೇ ನಮ್ಮ ಅಭ್ಯಾಸ. ಹುಡುಗ ಹಾಡಿನಲ್ಲಿ ಅವರ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಹಾಕಿದ್ದಾನೆ. ಮುಂದೆ ಹಣ ಬಂದರೆ ಅರ್ಧ ಅವರಿಗೆಂದು ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಮಾಡಿಕೊಂಡಿದ್ದಾರೆ.

ಪೋಷಕರಿಗೆ ಎರಡು ಮಾತು

ಕಿವಿಯ ಬಗ್ಗೆ ಎಚ್ಚರವಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬೆಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದು. ಶಬ್ದ ಏರಿದಂತೆ ಈ ಅವಧಿ ಬೇಗ ಬೇಗ ಕುಗ್ಗುತ್ತದೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಶಬ್ದವನ್ನು ಗರಿಷ್ಠದ 60 ಭಾಗಕ್ಕೆ ಮೀರದಂತೆ ಇಟ್ಟುಕೊಳ್ಳುವುದು, ಆಗಾಗ ಕಿವಿಗೆ ಬಿಡುವು ಕೊಡುವುದು ಒಳ್ಳೆಯದು.

ಎರಡನೆಯದು, ಹೊತ್ತು ಗೊತ್ತುಮಾಡಿ, ಆದರೆ ಬಾಗಿಲು ಹಾಕಬೇಡಿ. ಓದು ಮುಗಿದ ಮೇಲೆ ದಿನಕ್ಕೊಂದು ಗಂಟೆ ಎಂದು ನಮ್ಮ ರೈತರೂ ಮಗನೂ ಒಪ್ಪಂದ ಮಾಡಿಕೊಂಡಿದ್ದಾರೆ. ಹುಡುಗ ಈಗ ಬಿ.ಎಸ್ಸಿ.ಗೆ ಸೇರಿ ಭೌತಶಾಸ್ತ್ರ ಓದುತ್ತಿದ್ದಾನೆ. ಸಂಗೀತಗಾರನಾಗುತ್ತಾನೋ ಇಲ್ಲವೋ, ಅಲೆಗಳ ಪಾಠವನ್ನಂತೂ ಅವನಿಗೆ ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ.

ಮೊನ್ನೆ ಸಂತೆಯಲ್ಲಿ ಅವನ ತಂದೆ ಸಿಕ್ಕಿದ್ದರು. “ಮನೆ ಎಲ್ಲಿಗೆ ಬಂತು?” ಎಂದು ತಮಾಷೆ ಮಾಡಿದೆ. “ಪಾಯ ಹಾಕವ್ನೆ ಮೇಷ್ಟ್ರೇ” ಎಂದರು, “ಆಲೆಮನೆ ಎಂಜಿನ್ ಸದ್ದು ಬೇಕಂತೆ. ನಾಳೆ ಬೆಳಿಗ್ಗೆ ಅವನ್ನ ಕರ್ಕಂಡು ಹೋಗ್ಬೇಕು.”